ಮೊಬೈಲ್ ಪರದೆಯ ಮೇಲಿನ ಅಂಗಡಿ: ರೈತರು ಗಮನಿಸಬೇಕಾದ ಅಂಶಗಳು

ತೆಂಗಿಗೆ ಬಿಳಿ ನೊಣ ತಗುಲಿದಾಗ, ಅಡಿಕೆಯ ಎಳೆಗಾಯಿ ಉದುರಿದಾಗ, ಹಲಸಿನ ಕಸಿ ಸಸಿ ಬೇಕಾದಾಗ ಚೇಳೂರು, ಗುಬ್ಬಿ ಕಡೆಯ ಅನೇಕ ರೈತರು ಈಗ ಮೊದಲು ನೋಡುವುದು ಕೈಯಲ್ಲಿರುವ ಮೊಬೈಲ್ ಫೋನನ್ನು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪರದೆಯ ಮೇಲೆ ಯಾವ ವಿಷಯ ಮೊದಲು ಬರಬೇಕು, ಯಾವ ಗುಂಡಿ ದೊಡ್ಡದಾಗಿರಬೇಕು, ಯಾವ ಅಕ್ಷರ ಸಣ್ಣದಾಗಿರಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಜೋಡಿಸಿರುತ್ತಾರೆ. ಆ ಲೆಕ್ಕ ಯಾವುದೆಂದು ತಿಳಿದಿರುವುದು ಅವಶ್ಯಕ.

ಬಿತ್ತನೆ ಬೀಜದ ಚೀಲದ ಚೀಟಿಯಲ್ಲಿ ಏನಿರಬೇಕೆಂಬುದಕ್ಕೆ 1966ರ ಬೀಜ ಕಾಯಿದೆಯ ಕಾಲದಿಂದಲೂ ನಿಯಮಗಳಿವೆ. ಕೀಟನಾಶಕದ ಡಬ್ಬಿಯ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಗುರುತು ಇರಲೇಬೇಕು. ಪರದೆಯ ವಿಷಯ ಹಾಗಲ್ಲ. ಅಲ್ಲಿ ಬಹುಮಟ್ಟಿಗೆ ಮಾರುವವನೇ ಚೀಟಿ ಬರೆಯುತ್ತಾನೆ. 2022ರ ನವೆಂಬರಿನಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ, ಪರವಾನಗಿ ಪಡೆದವರು ಅಂತರಜಾಲದ ಮೂಲಕವೂ ಕೀಟನಾಶಕ ಮಾರಲು ಅವಕಾಶವಾದ ಮೇಲೆ ಈ ಮಾತಿಗೆ ಇನ್ನಷ್ಟು ಮಹತ್ವ ಬಂದಿದೆ.

ಪರದೆಯ ಮೇಲಿನ ಪ್ರಯೋಗ

ನಮ್ಮ ಸಂಶೋಧನಾ ಕ್ಷೇತ್ರಗಳಲ್ಲಿ ಎರಡು ತಾಕುಗಳಿಗೆ ಎರಡು ಬಗೆಯ ಗೊಬ್ಬರ ಕೊಟ್ಟು, ಯಾವುದರಲ್ಲಿ ಇಳುವರಿ ಹೆಚ್ಚೆಂದು ನೋಡುವುದನ್ನು ನೀವು ಬಲ್ಲಿರಿ. ಅಂತರಜಾಲದ ಕಂಪನಿಗಳು ಮಾಡುವುದೂ ಇದನ್ನೇ. ಒಂದೇ ಪುಟವನ್ನು ಎರಡು ರೂಪದಲ್ಲಿ ತಯಾರಿಸಿ, ಒಂದನ್ನು ಸಾವಿರಾರು ಜನರಿಗೆ, ಇನ್ನೊಂದನ್ನು ಬೇರೆ ಸಾವಿರಾರು ಜನರಿಗೆ ತೋರಿಸುತ್ತಾರೆ. ಹೆಚ್ಚು ಮಾರಾಟ ತಂದ ರೂಪವನ್ನು ಉಳಿಸಿಕೊಳ್ಳುತ್ತಾರೆ. ಪ್ರಯೋಗ ಶಾಸ್ತ್ರೀಯವಾದದ್ದೇ, ಆದರೆ ಅಳೆಯುವ ಇಳುವರಿ ಕಂಪನಿಯದು, ನಿಮ್ಮ ತೋಟದ್ದಲ್ಲ.

ಉಚಿತವಾಗಿ ದೊರೆಯುವ ಸೇವೆಗೂ ಖರ್ಚಿದೆ. ಅದು ಜಾಹೀರಾತಿನಿಂದಲೋ, ಮಾರಾಟದ ಕಮಿಷನ್ನಿನಿಂದಲೋ, ನಿಮ್ಮ ಬಗ್ಗೆ ಕೂಡಿಟ್ಟ ಮಾಹಿತಿಯಿಂದಲೋ ಹುಟ್ಟಬೇಕು. ಗೂಗಲ್ ಸ್ಥಾಪಿಸಿದ ಇಬ್ಬರು ವಿದ್ಯಾರ್ಥಿಗಳು 1998ರ ತಮ್ಮ ಪ್ರಬಂಧದಲ್ಲಿ, ಜಾಹೀರಾತಿನ ಹಣದಿಂದ ನಡೆಯುವ ಹುಡುಕುವ ಯಂತ್ರವು ಗ್ರಾಹಕರಿಗಿಂತ ಜಾಹೀರಾತುದಾರರ ಕಡೆಗೇ ವಾಲುತ್ತದೆಂದು ಬರೆದಿದ್ದರು. ಎರಡು ವರ್ಷಗಳಲ್ಲಿ, 2000ದಲ್ಲಿ, ಅವರೇ ಜಾಹೀರಾತು ಮಾರಾಟಕ್ಕಿಳಿದರು!

‘ಏನನ್ನೂ ಕೊಳ್ಳಬೇಡಿ’ ಎಂಬ ಗುಂಡಿ ಇಲ್ಲ

ತೆಂಗಿನ ಸುರುಳಿ ಬಿಳಿ ನೊಣವನ್ನೇ ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ 2016ರಲ್ಲಿ ಪೊಳ್ಳಾಚಿ ಭಾಗದ ತೋಟಗಳಲ್ಲಿ ಮೊದಲು ಕಂಡ ಈ ಕೀಟ ಗರಿಯ ತಳಭಾಗದಲ್ಲಿ ಕುಳಿತು ರಸ ಹೀರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಕೆಳಗಿನ ಗರಿಗಳೆಲ್ಲ ಮಸಿ ಬಳಿದಂತಾಗುತ್ತವೆ. ಇದನ್ನು ಕಂಡ ರೈತರಿಗೆ ಗಾಬರಿಯಾಗುವುದು ಸಹಜ. ಫೋಟೋ ತೆಗೆದು ಆ್ಯಪಿಗೆ ಕಳುಹಿಸುತ್ತೀರಿ. ಅದು ಕೀಟದ ಹೆಸರನ್ನು ಸರಿಯಾಗಿಯೇ ಹೇಳಬಹುದು. ಆದರೆ ಆ್ಯಪ್ ನಡೆಸುವವರೇ ಔಷಧವನ್ನೂ ಮಾರುವವರಾದರೆ, ಹೆಸರಿನ ಕೆಳಗೇ ಒಂದು ಬಾಟಲಿಯ ಚಿತ್ರ ಮತ್ತು ‘ಈಗಲೇ ಖರೀದಿಸಿ’ ಎಂಬ ದೊಡ್ಡ ಗುಂಡಿ ಇರುತ್ತದೆ.

ವಿಜ್ಞಾನಿಗಳ ಶಿಫಾರಸ್ಸು ಇದಕ್ಕೆ ತದ್ವಿರುದ್ಧ. ಈ ನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಅತಿ ಸಣ್ಣ ಕಣಜ ತೋಟದಲ್ಲಿ ತಾನಾಗಿ ಹೆಚ್ಚುತ್ತದೆ. ರಾಸಾಯನಿಕ ಕೀಟನಾಶಕ ಸಿಂಪಡಿಸಿದರೆ ಮೊದಲು ಸಾಯುವುದು ಈ ಕಣಜವೇ. ನೊಣ ಮತ್ತೆ ಏಳುತ್ತದೆ. ಆದ್ದರಿಂದ ಸಿಂಪರಣೆ ಬೇಡ. ಕೈಗೆಟಕುವ ಗಿಡಗಳ ಗರಿಯ ತಳಕ್ಕೆ ರಭಸವಾಗಿ ನೀರು ಹಾಯಿಸಿ. ಲೀಟರ್ ನೀರಿಗೆ 10 ಗ್ರಾಂ ಸ್ಟಾರ್ಚ್ ಬೆರೆಸಿ ಸಿಂಪಡಿಸಿದರೆ ಕಪ್ಪು ಬೂಷ್ಟು ಒಣಗಿ ಉದುರುತ್ತದೆ. ಬಾಧೆ ತೀರ ಹೆಚ್ಚಾದರೆ ಮಾತ್ರ ಶೇಕಡ 0.5ರ ಬೇವಿನ ಎಣ್ಣೆ. ಕಣಜ ಹೊಕ್ಕ ಮರಿಗಳಿರುವ ಗರಿಯ ತುಂಡನ್ನು, ಕಣಜ ಇಲ್ಲದ ತೋಟಕ್ಕೆ ಒಯ್ದು ಕಟ್ಟಬಹುದು.

ಇದರಲ್ಲಿ ಮಾರುವಂಥದ್ದು ಏನಿದೆ? ನೀರಿಗೂ ಕಣಜಕ್ಕೂ ಕಮಿಷನ್ ಇಲ್ಲ. ಆದಕಾರಣ ಅಂಥ ಪರದೆಯಲ್ಲಿ ಈ ಸಲಹೆಗೆ ಜಾಗ ಸಿಗುವುದು ಕಷ್ಟ. ಸುಳ್ಳು ಹೇಳುವ ಅಗತ್ಯವೇ ಇಲ್ಲ, ನಿಜವನ್ನು ಕೆಳಗೆ ತಳ್ಳಿದರೆ ಸಾಕು.

ಸಿದ್ದು ಹಲಸಿನ ಸಸಿ

ಚೇಳೂರಿನ ಶ್ರೀ ಎಸ್.ಎಸ್. ಪರಮೇಶ ಅವರ ತೋಟದ ಕೆಂಪು ತೊಳೆಯ ಹಲಸು ಅವರ ತಂದೆಯವರ ಹೆಸರಿನಲ್ಲಿ ‘ಸಿದ್ದು’ ಎಂದು ಪ್ರಸಿದ್ಧವಾಗಿದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡು ಕಸಿ ಸಸಿಗಳ ಮಾರಾಟಕ್ಕೆ ವ್ಯವಸ್ಥೆ ಮಾಡಿತು. ಹೆಸರು ಬಂದ ತಳಿಗೆ ಬೇಡಿಕೆಯೂ ಬರುತ್ತದೆ, ಆ ಹೆಸರನ್ನು ಪರದೆಯ ಮೇಲೆ ಯಾರು ಬೇಕಾದರೂ ಬರೆಯಬಹುದು. ಹಲಸು ಪರಕೀಯ ಪರಾಗಸ್ಪರ್ಶದ ಬೆಳೆ. ಬೀಜದಿಂದ ಎದ್ದ ಸಸಿ ತಾಯಿಮರದ ಗುಣವನ್ನೇ ಹೊರುತ್ತದೆಂಬ ಭರವಸೆಯಿಲ್ಲ, ಕಸಿಯೇ ಆಗಬೇಕು. ಕೆಂಪು ತೊಳೆಯ ಚಿತ್ರದ ಪಕ್ಕದಲ್ಲಿ ‘ಎರಡೇ ಸಸಿ ಉಳಿದಿವೆ’ ಎಂದು ಕಂಡೊಡನೆ ಹಣ ಕಟ್ಟಿದರೆ, ಬಂದದ್ದು ಸಿದ್ದು ಹೌದೋ ಅಲ್ಲವೋ ಎಂದು ತಿಳಿಯಲು ಮರ ಫಲ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿಗೆ ಆ ಅಂಗಡಿ ಪರದೆಯ ಮೇಲಿರುತ್ತದೆಯೇ?

ಕಾನೂನು ಏನು ಹೇಳುತ್ತದೆ

ಹೀಗೆ ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಕೊನೆಯ ಘಟ್ಟದಲ್ಲಿ ಏರಿಸುವುದು, ಜಾಹೀರಾತನ್ನು ಸಲಹೆಯಂತೆ ತೋರಿಸುವುದು ಸೇರಿ 13 ಬಗೆಯ ತಂತ್ರಗಳನ್ನು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ದೊಡ್ಡ ಸಂಸ್ಥೆಗಳೂ ಇಂಥ ಆರೋಪಕ್ಕೆ ಹೊರತಲ್ಲ. ಸದಸ್ಯತ್ವಕ್ಕೆ ಸುಲಭವಾಗಿ ಸೇರಿಸಿಕೊಂಡು, ಬಿಡಲು ಹೊರಟವರಿಗೆ ತೊಡಕು ಮಾಡುತ್ತಿದೆಯೆಂದು 2023ರಲ್ಲಿ ಅಮೆರಿಕದ ಸರಕಾರಿ ಆಯೋಗ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಬಿಡುವ ಆ ದಾರಿಗೆ ಕಂಪನಿಯೊಳಗೆ ‘ಇಲಿಯಡ್’ ಎಂದು ಹೆಸರಿತ್ತಂತೆ. ಅದು ಗ್ರೀಕರ ಮಹಾಕಾವ್ಯ, ಬಹಳ ಉದ್ದದ್ದು! ತಪ್ಪೊಪ್ಪಿಕೊಳ್ಳದೆಯೇ ಕಂಪನಿ 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ಪರದೆ ನೋಡುವಾಗ ‘ಜಾಹೀರಾತು’, ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಎಂಬ ಸಣ್ಣ ಅಕ್ಷರವನ್ನು ಮೊದಲು ಹುಡುಕಿ. ಹಣ ಕಟ್ಟುವ ಮುನ್ನ ಬುಟ್ಟಿಯನ್ನು ತೆರೆದು, ಮೊದಲೇ ಟಿಕ್ ಆಗಿರುವ ಚೌಕಗಳನ್ನು ಅಳಿಸಿ. ಬಿಲ್ಲಿನ ಮತ್ತು ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. 1915ಕ್ಕೆ ದೂರು ಕೊಡುವಾಗ ಅದು ಬೇಕಾಗುತ್ತದೆ. ರೋಗ, ಕೀಟದ ಸಲಹೆಗೆ ಹಿರೇಹಳ್ಳಿ ಅಥವಾ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಾಧಿತ ಗರಿಯನ್ನೇ ತೆಗೆದುಕೊಂಡು ಹೋಗಿ. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು, ಕರೆಗೆ ಹಣವಿಲ್ಲ.