632 ವರ್ಷಗಳಲ್ಲಿ ಎದ್ದ ಕಲೋನ್ ಕೆಥೆಡ್ರಲ್

ಜರ್ಮನಿಯಲ್ಲಿ ರೈನ್ ನದಿಯ ದಡದ ಕಲೋನ್ ನಗರದಲ್ಲಿರುವ ಕೆಥೆಡ್ರಲ್, ಯುರೋಪಿನ ಗಾಥಿಕ್ ಶೈಲಿಯ ಬಹು ದೊಡ್ಡ ಚರ್ಚುಗಳಲ್ಲಿ ಒಂದು. 1248ರಲ್ಲಿ ಅಡಿಗಲ್ಲು ಕಂಡ ಈ ಕಟ್ಟಡ ಮುಗಿದದ್ದು 1880ರಲ್ಲಿ. ಇದರ ಉದ್ದ ಸುಮಾರು 144 ಮೀಟರ್, ಅವಳಿ ಗೋಪುರಗಳ ಎತ್ತರ 157 ಮೀಟರ್.

ಶಿಶು ಯೇಸುವನ್ನು ಕಾಣಲು ಮೂಡಣ ದೇಶದಿಂದ ಬಂದ ಮೂವರು ಜ್ಞಾನಿಗಳದ್ದೆಂದು ನಂಬಲಾದ ಅಸ್ಥಿಗಳನ್ನು 1164ರಲ್ಲಿ ಇಟಲಿಯ ಮಿಲಾನ್‌ನಿಂದ ಇಲ್ಲಿಗೆ ತರಲಾಯಿತು. ಯಾತ್ರಿಕರು ಹೆಚ್ಚಿದರು, ಆ ಮಹಿಮೆಗೆ ತಕ್ಕ ಹೊಸ ಚರ್ಚು ಬೇಕೆನಿಸಿತು. ಶಿಲ್ಪಿ ಗೆರ್‌ಹಾರ್ಡ್, ಫ್ರಾನ್ಸಿನ ಅಮಿಯೆನ್ ಕೆಥೆಡ್ರಲನ್ನು ಮಾದರಿಯಾಗಿಟ್ಟುಕೊಂಡು ಕೆಲಸ ಆರಂಭಿಸಿದ.

ಗಾಥಿಕ್ ಶೈಲಿಗೂ ಹಿಂದಿನ ರೋಮನೆಸ್ಕ್ ಚರ್ಚುಗಳಲ್ಲಿ ಅರ್ಧವೃತ್ತದ ಕಮಾನುಗಳಿದ್ದವು. ಕಲ್ಲಿನ ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಗೋಡೆ ದಪ್ಪವಾಗಿ, ಕಿಟಕಿ ಕಿರಿದಾಗಿ ಇರಬೇಕಿತ್ತು. ಗಾಥಿಕ್ ಶಿಲ್ಪಿಗಳು ಕಮಾನಿನ ತುದಿಯನ್ನು ಚೂಪು ಮಾಡಿದರು. ಆಗ ಭಾರ ಪಕ್ಕಕ್ಕಿಂತ ಹೆಚ್ಚಾಗಿ ಕೆಳಕ್ಕೆ ಇಳಿಯುತ್ತದೆ. ಚಾವಣಿಯ ಅಡಿಯ ಕಲ್ಲಿನ ಪಕ್ಕೆಲುಬುಗಳು ಆ ಭಾರವನ್ನು ಕಂಬಗಳಿಗೆ ಸಾಗಿಸುತ್ತವೆ. ಉಳಿದ ತಳ್ಳುವಿಕೆಗೆ ಹೊರಗಿನಿಂದ ಕಲ್ಲಿನ ಅರೆಕಮಾನುಗಳ ಆನಿಕೆ. ವಾಲುವ ಗೋಡೆಗೆ ದಿಮ್ಮಿಯ ಆಸರೆ ಕೊಡುವಂಥದೇ ಉಪಾಯ. ಭಾರ ಹೊರುವ ಕೆಲಸ ತಪ್ಪಿದ್ದರಿಂದ ಗೋಡೆಯ ಜಾಗವನ್ನು ಬಣ್ಣದ ಗಾಜು ತುಂಬಿತು. ಕಲೋನ್‌ನಲ್ಲಿ ಒಳಚಾವಣಿ 43 ಮೀಟರಿಗೂ ಎತ್ತರದಲ್ಲಿದೆ.

ಬಲಿಪೀಠವಿರುವ ಪೂರ್ವಭಾಗ 1322ರಲ್ಲಿ ಪ್ರತಿಷ್ಠೆಗೊಂಡಿತು. ಹದಿನಾರನೆಯ ಶತಮಾನದಲ್ಲಿ ಹಣವೂ ಉತ್ಸಾಹವೂ ಬತ್ತಿ ಕೆಲಸ ನಿಂತಿತು. ದಕ್ಷಿಣ ಗೋಪುರ ಅರ್ಧವೂ ಎದ್ದಿರಲಿಲ್ಲ. ಅದರ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಯಂತ್ರವೊಂದು ಹಾಗೆಯೇ ಉಳಿಯಿತು. ದೊಡ್ಡ ಚಕ್ರದೊಳಗೆ ಆಳುಗಳು ನಡೆದಂತೆ ಹಗ್ಗ ಸುತ್ತಿಕೊಂಡು ಕಲ್ಲು ಮೇಲೇರುವ ಯಂತ್ರವದು. ಮುನ್ನೂರಕ್ಕೂ ಹೆಚ್ಚು ವರ್ಷ ಅದೇ ನಗರದ ಗುರುತಾಗಿತ್ತು.

ಕೆಲಸಕ್ಕೆ ಮರುಜೀವ ಬರಲು ಒಂದು ಹಳೆಯ ನಕ್ಷೆಯೂ ಕಾರಣ. ಮುಂಭಾಗವನ್ನು ಚರ್ಮದ ಹಾಳೆಯ ಮೇಲೆ ಬಿಡಿಸಿದ್ದ, ನಾಲ್ಕು ಮೀಟರಿಗೂ ಎತ್ತರದ ಮಧ್ಯಯುಗದ ನಕ್ಷೆಯ ಒಂದು ಭಾಗ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನೊಂದು 1816ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿತು. 1842ರಲ್ಲಿ ಪ್ರಷ್ಯದ ದೊರೆ ನಾಲ್ಕನೆಯ ಫ್ರೆಡ್ರಿಕ್ ವಿಲ್‌ಹೆಲ್ಮ್ ಮತ್ತೆ ಕಲ್ಲಿಟ್ಟ. ಹೊರರೂಪ ಹಳೆಯ ನಕ್ಷೆಯದು; ಮಾಡಿನ ಚೌಕಟ್ಟು ಮಾತ್ರ ಹೊಸ ಕಾಲದ ಕಬ್ಬಿಣದ್ದು. 1880ರಿಂದ 1884ರವರೆಗೆ ಇದು ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ 14 ಬಾಂಬುಗಳು ತಗುಲಿದರೂ ಕಟ್ಟಡ ಉರುಳಲಿಲ್ಲ. ದಕ್ಷಿಣದ ಒಂದು ಕಿಟಕಿಗೆ 2007ರಲ್ಲಿ ಕಲಾವಿದ ಗೆರ್‌ಹಾರ್ಡ್ ರಿಕ್ಟರ್ ರೂಪಿಸಿದ, 72 ಬಣ್ಣಗಳ ಸುಮಾರು 11,000 ಗಾಜಿನ ಚೌಕಗಳು ಬಂದವು. 1996ರಲ್ಲಿ ಕೆಥೆಡ್ರಲ್ ವಿಶ್ವ ಪರಂಪರೆಯ ತಾಣವಾಯಿತು.

ಮಳೆಗೂ ಹೊಗೆಗೂ ಕಲ್ಲು ಸವೆಯುತ್ತಲೇ ಇರುತ್ತದೆ. ಕಲ್ಲುಕುಟಿಗರು, ಗಾಜಿನ ಕುಶಲಕರ್ಮಿಗಳು, ಬಡಗಿಗಳಿರುವ ಕೆಥೆಡ್ರಲಿನದೇ ಕಾರ್ಯಾಗಾರ ವರ್ಷವಿಡೀ ದುರಸ್ತಿ ನಡೆಸುತ್ತದೆ. ಗೋಡೆಯ ಒಂದಲ್ಲ ಒಂದು ಕಡೆ ಸಾರುವೆ ಕಟ್ಟಿರುವುದು ಇಲ್ಲಿ ನಿತ್ಯದ ನೋಟ.