ಅಲ್ಪಶಕ್ತಿಯ ವಾಲ್ವ್ ಆಂಪ್ಲಿಫೈಯರು: ಹಳೆಯದನ್ನು ಆರಿಸುವ ಕ್ರಮ

ಶಾಸನವೊಂದು ದೊರೆತೊಡನೆ ಅದರಲ್ಲಿರುವುದನ್ನೆಲ್ಲ ನಂಬುವ ಪರಿಪಾಠ ಇತಿಹಾಸದ ವಿದ್ಯಾರ್ಥಿಗಳಲ್ಲಿಲ್ಲ. ಲಿಪಿ ಯಾವ ಕಾಲದ್ದು, ಕಲ್ಲು ಮೂಲಸ್ಥಾನದಲ್ಲಿಯೇ ಇದೆಯೆ, ಅಕ್ಷರಗಳನ್ನು ಅನಂತರ ಯಾರಾದರೂ ತಿದ್ದಿರುವರೆ ಎಂಬುದನ್ನು ಮೊದಲು ವಿಚಾರಿಸುತ್ತೇವೆ. ಬಳಸಿದ ವಸ್ತುವನ್ನು ಕೊಳ್ಳುವಲ್ಲಿಯೂ ಈ ವಿವೇಚನೆಯೇ ಸಲ್ಲತಕ್ಕದ್ದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕಡೆಯ ವಿದ್ಯಾರ್ಥಿಗಳಲ್ಲಿ ವಿದ್ಯುತ್ ಗಿಟಾರನ್ನು ಅಭ್ಯಾಸಮಾಡುವವರಿದ್ದಾರೆ. ಅವರಲ್ಲಿ ಕೆಲವರು, ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿ ಸೇರಿರುವ ಸಣ್ಣ ವಾಲ್ವ್ ಆಂಪ್ಲಿಫೈಯರನ್ನು ಹಳೆಯದಾದರೂ ಸರಿಯೆಂದು ಅರಸುವುದುಂಟು. ಕೈಯಲ್ಲಿರುವ ಹಣ ಅಲ್ಪ. ಆಯ್ಕೆ ತಪ್ಪಿದರೆ ನಷ್ಟವಾಗುವುದು ಹಣ ಮಾತ್ರವಲ್ಲ, ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಮೊದಲು ವಾಲ್ವಿನ ಚರಿತ್ರೆಯನ್ನು ಸ್ವಲ್ಪದರಲ್ಲಿ ನೋಡಬಹುದು. 1904ರಲ್ಲಿ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನೂ, 1906ರಲ್ಲಿ ಲೀ ಡಿ ಫಾರೆಸ್ಟ್ ಮೂರು ಧ್ರುವಗಳ ವಾಲ್ವನ್ನೂ ರಚಿಸಿದರು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ನಡೆಸಿದ್ದು ವಾಲ್ವುಗಳ ಬಲದಿಂದಲೇ. 1947ರಲ್ಲಿ ಟ್ರಾನ್ಸಿಸ್ಟರು ಬಂದ ಮೇಲೆ ಕ್ರಮೇಣ ರೇಡಿಯೋಗಳಿಂದ ವಾಲ್ವು ಮರೆಯಾಯಿತು. ಗಿಟಾರಿನ ಆಂಪ್ಲಿಫೈಯರಿನಲ್ಲಿ ಮಾತ್ರ ಉಳಿದುಕೊಂಡಿತು. ಶಕ್ತಿಯ ಮಿತಿಯನ್ನು ಮೀರಿದಾಗ ಅದರ ನಾದವು ಥಟ್ಟನೆ ಒಡೆಯದೆ ಮೆಲ್ಲಮೆಲ್ಲನೆ ಒರಟಾಗುವುದೇ ಇದಕ್ಕೆ ಮುಖ್ಯ ಕಾರಣ. ನುಡಿಸುವವರಿಗೆ ಬೇಕಾದುದೂ ಆ ಒರಟುತನವೇ.

ನಮ್ಮ ನಗರಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ‘ಬಿಇಎಲ್’ ಮುದ್ರೆಯ ಇಎಲ್84 ವಾಲ್ವುಗಳನ್ನು ಹಳೆಯ ದಾಸ್ತಾನಿನಿಂದ ಸಂಗ್ರಹಿಸಿ ಬಳಸುವವರು ಇಂದಿಗೂ ಇದ್ದಾರೆ. ಯುರೋಪಿನ ಪದ್ಧತಿಯ ಈ ಹೆಸರುಗಳೂ ಅರ್ಥವುಳ್ಳವು. ಮೊದಲಿನ ‘ಇ’ ಎಂದರೆ ತಂತುವನ್ನು ಕಾಯಿಸಲು 6.3 ವೋಲ್ಟು ಬೇಕೆಂದು. ‘ಎಲ್’ ಎಂದರೆ ಸ್ಪೀಕರನ್ನು ನಡೆಸುವ ಶಕ್ತಿವಾಲ್ವು. ‘ಸಿಸಿ’ ಎಂದರೆ ಒಂದೇ ಗಾಜಿನೊಳಗೆ ಮೂರು ಧ್ರುವಗಳ ಎರಡು ವಾಲ್ವುಗಳು. ಎಂಬತ್ತರಿಂದ ಮೊದಲಾಗುವ ಅಂಕಿ ಒಂಬತ್ತು ಕಡ್ಡಿಗಳ ಸಣ್ಣ ಬುಡವನ್ನು ಸೂಚಿಸುತ್ತದೆ. ಅಮೆರಿಕದವರು ಇಎಲ್84ನ್ನು 6ಬಿಕ್ಯೂ5 ಎಂದೂ, ಇಸಿಸಿ83ನ್ನು 12ಎಎಕ್ಸ್7 ಎಂದೂ ಕರೆದರು. ಹೆಸರೆರಡು, ವಸ್ತು ಒಂದೇ.

ಇನ್ನು ಶಕ್ತಿಯ ವಿಚಾರ. ಐವತ್ತು ವಾಟಿನ ಆಂಪ್ಲಿಫೈಯರು ಐದು ವಾಟಿನದಕ್ಕಿಂತ ಹತ್ತು ಪಟ್ಟು ಗಟ್ಟಿಯಾಗಿ ಕೇಳುವುದೆಂಬ ಭಾವನೆ ಸರಿಯಲ್ಲ. ಶಕ್ತಿ ಹತ್ತು ಪಟ್ಟಾದಾಗ ಕಿವಿಗೆ ಕೇಳುವ ಗಟ್ಟಿತನ ಸುಮಾರು ಇಮ್ಮಡಿಯಾಗುವುದಷ್ಟೆ. ಫೆಂಡರ್ ಚಾಂಪ್, ಎಪಿಫೋನ್ ವಾಲ್ವ್ ಜೂನಿಯರ್ ಮೊದಲಾದವು ಒಂದೇ ಶಕ್ತಿವಾಲ್ವಿನಿಂದ ಸುಮಾರು ಐದು ವಾಟನ್ನು ಕೊಡುತ್ತವೆ. ವಾಕ್ಸ್ ಎಸಿ15, ಫೆಂಡರ್ ಬ್ಲೂಸ್ ಜೂನಿಯರ್ ಎಂಬವು ಎರಡು ಇಎಲ್84ಗಳಿಂದ ಸುಮಾರು ಹದಿನೈದು ವಾಟನ್ನು ಕೊಡುತ್ತವೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಐದು ವಾಟೇ ನೆರೆಯವರ ತಾಳ್ಮೆಯನ್ನು ಪರೀಕ್ಷಿಸಬಲ್ಲುದು. ಡ್ರಮ್ಮಿನವರೊಡನೆ ನುಡಿಸಬೇಕಾದವರು ಮಾತ್ರ ಹದಿನೈದನ್ನು ಯೋಚಿಸಬಹುದು. ಸ್ಪೀಕರಿನ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಮೂರು ಡೆಸಿಬೆಲ್ ಹೆಚ್ಚು ದಕ್ಷತೆಯ ಸ್ಪೀಕರು ಶಕ್ತಿಯನ್ನು ಇಮ್ಮಡಿಸಿದುದಕ್ಕೆ ಸಮ.

ಈಗ ಪರೀಕ್ಷೆಯ ಕ್ರಮ. ಮೊದಲನೆಯದು ಬಾಹ್ಯ ಸಾಕ್ಷ್ಯ. ಹಿಂಬದಿಯ ಫಲಕದಲ್ಲಿ ಎಷ್ಟು ವೋಲ್ಟಿಗೆ ಮಾಡಿದುದೆಂದು ಬರೆದಿರುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು, ಅಮೆರಿಕದ್ದು 120. ಅಲ್ಲಿಂದ ತಂದುದನ್ನು ನೇರವಾಗಿ ಇಲ್ಲಿ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಕ್ರಯಕ್ಕೆ ಸೇರಿಸಿಯೇ ಲೆಕ್ಕಹಾಕತಕ್ಕದ್ದು. ಎರಡನೆಯದು, ಪ್ಲಗ್ಗಿಗೆ ಮೂರು ಕಡ್ಡಿಗಳಿವೆಯೆ, ಅರ್ಥಿಂಗ್ ತಂತಿ ಲೋಹದ ಚೌಕಟ್ಟಿಗೆ ಸೇರಿದೆಯೆ ಎಂಬುದು. ಗಿಟಾರಿನ ತಂತಿಗಳು ಈ ಚೌಕಟ್ಟಿಗೆ ಕೂಡಿಕೊಂಡಿರುವುದರಿಂದ, ಅರ್ಥಿಂಗ್ ಇಲ್ಲದ ಉಪಕರಣದಲ್ಲಿ ದೋಷ ಸಂಭವಿಸಿದರೆ ವಿದ್ಯುತ್ತು ಹರಿಯುವುದು ನುಡಿಸುವವರ ಮೈಯ ಮೂಲಕ. ಎರಡು ಕಡ್ಡಿಯ ಹಳೆಯ ವೈರನ್ನು ಬದಲಾಯಿಸುವವರೆಗೂ ಅದನ್ನು ನುಡಿಸಲೇಬಾರದು.

ಅನಂತರ ಆಂತರಿಕ ಸಾಕ್ಷ್ಯ. ಸ್ಪೀಕರು ಜೋಡಿಸಿರುವುದನ್ನು ಖಚಿತಪಡಿಸಿಕೊಂಡೇ ಸ್ವಿಚ್ಚು ಹಾಕಬೇಕು. ಅದಿಲ್ಲದೆ ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಕೆಡುತ್ತದೆ. ಅರ್ಧ ಗಂಟೆ ಕಾಯಲಿ. ವಾಲ್ವಿನ ತಂತು ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಸಹಜ. ಗಾಜಿನ ಒಳಮೈಯಲ್ಲಿ ಕಾಣುವ ನೀಲಿ ಛಾಯೆಯೂ ದೋಷವಲ್ಲ. ಆದರೆ ಒಳಗಿನ ಲೋಹದ ತಗಡೇ ಕೆಂಪಗೆ ಕಾಯ್ದರೆ ಒಡನೆಯೇ ಸ್ವಿಚ್ಚು ಆರಿಸಬೇಕು. ಗಾಜಿನ ತುದಿಯ ಬೆಳ್ಳಿಯ ಲೇಪ ಹಾಲಿನಂತೆ ಬಿಳುಪಾಗಿದ್ದರೆ ಒಳಗೆ ಗಾಳಿ ಸೇರಿದೆಯೆಂದೂ ಆ ವಾಲ್ವು ಸತ್ತಿದೆಯೆಂದೂ ತಿಳಿಯಬೇಕು. ಸಣ್ಣ ವಾಲ್ವುಗಳನ್ನು ಪೆನ್ಸಿಲಿನಿಂದ ಮೆಲ್ಲನೆ ತಟ್ಟಿದಾಗ ಗಂಟೆಯಂತೆ ಸದ್ದು ಬಂದರೆ ಅದು ಬದಲಾಯಿಸಬೇಕಾದ ವಾಲ್ವು. ಗಿಟಾರು ಜೋಡಿಸದೆಯೂ ಭಾರವಾದ ಗುಂಯ್ಕಾರ ಕೇಳಿದರೆ ಫಿಲ್ಟರ್ ಕೆಪಾಸಿಟರುಗಳು ಒಣಗಿರುವ ಸಂಭವವುಂಟು. ಹಲವು ದಶಕಗಳ ಹಳೆಯದಾದರೆ ಅವನ್ನು ಹೇಗೂ ಬದಲಾಯಿಸಬೇಕಾದೀತು. ಗುಂಡಿ ತಿರುಗಿಸುವಾಗ ಬರುವ ಕರಕರ ಶಬ್ದ ಮಾತ್ರ ಸಾಮಾನ್ಯವಾಗಿ ಧೂಳಿನದು. ಅದನ್ನು ಮುಂದೊಡ್ಡಿ ಬೆಲೆ ಇಳಿಸಿಕೊಳ್ಳಬಹುದು.

ದೋಷಗಳ ತಾರತಮ್ಯವನ್ನು ಅರಿಯುವುದೇ ಇಲ್ಲಿ ಮುಖ್ಯವಾದುದು. ವಾಲ್ವು ಸವೆಯತಕ್ಕ ವಸ್ತು. ರಷ್ಯ, ಸ್ಲೊವಾಕಿಯ, ಚೀನ ದೇಶಗಳಲ್ಲಿ ಇಂದಿಗೂ ತಯಾರಾಗುತ್ತಿದೆ. ಕೆಪಾಸಿಟರು, ರೆಸಿಸ್ಟರುಗಳನ್ನು ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಟ್ರಾನ್ಸ್‌ಫಾರ್ಮರು ಕೆಟ್ಟಿದ್ದರೆ, ಅಥವಾ ಸ್ಪೀಕರಿನ ಸುರುಳಿ ಸುಟ್ಟಿದ್ದರೆ, ದುರಸ್ತಿಯ ವೆಚ್ಚ ಕ್ರಯವನ್ನೇ ಮೀರೀತು. ಆದುದರಿಂದ ವಾಲ್ವು ಸವೆದಿದ್ದರೂ ಟ್ರಾನ್ಸ್‌ಫಾರ್ಮರು ಗಟ್ಟಿಯಾಗಿರುವುದನ್ನು ಕೊಳ್ಳುವುದು, ಹೊಸ ವಾಲ್ವಿನೊಡನೆ ಟ್ರಾನ್ಸ್‌ಫಾರ್ಮರು ಶಿಥಿಲವಾಗಿರುವುದನ್ನು ಕೊಳ್ಳುವುದಕ್ಕಿಂತ ಉತ್ತಮ. ಕೈಯಲ್ಲಿರುವ ಹಣದಲ್ಲಿ ನಾಲ್ಕನೆಯ ಒಂದು ಭಾಗವನ್ನು ದುರಸ್ತಿಗಾಗಿ ಮೀಸಲಿಡುವುದು ವಿವೇಕ.

ಕೊನೆಯದಾಗಿ ಒಂದು ಎಚ್ಚರಿಕೆ. ಪೆಟ್ಟಿಗೆಯನ್ನು ವಿದ್ಯಾರ್ಥಿಗಳು ತಾವಾಗಿ ಬಿಚ್ಚಬಾರದು. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲೆಯೂ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟಿಗೂ ಮಿಕ್ಕ ವಿದ್ಯುತ್ತು ಉಳಿದಿರಬಹುದು, ಅದು ಪ್ರಾಣಾಂತಕ. ವಾಲ್ವ್ ರೇಡಿಯೋಗಳನ್ನು ದುರಸ್ತಿಮಾಡಿ ಕೈಪಳಗಿದ ಹಿರಿಯರು ಈಗ ವಿರಳರಾಗುತ್ತಿದ್ದಾರೆ. ಅಂಥವರನ್ನು ಹುಡುಕಿ, ಅವರ ಎದುರಿಗೆ ಪೆಟ್ಟಿಗೆಯನ್ನು ತೆರೆಸಿ, ಯಾವ ಭಾಗ ಮೂಲದ್ದು, ಯಾವುದು ಅನಂತರ ಸೇರಿದ್ದು ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಅವರ ತಿಳಿವಳಿಕೆ ಯಾವ ದಫ್ತರದಲ್ಲಿಯೂ ದಾಖಲಾಗಿಲ್ಲ. ಒಂದು ಹಳೆಯ ಆಂಪ್ಲಿಫೈಯರನ್ನು ಕೊಳ್ಳಹೊರಟ ವಿದ್ಯಾರ್ಥಿಯು ನಮ್ಮ ನಗರದ ಕೈಗಾರಿಕೆಯ ಚರಿತ್ರೆಯ ಒಂದು ಪುಟವನ್ನೂ ಹೀಗೆ ಉಳಿಸಿಕೊಟ್ಟರೆ, ಕೊಟ್ಟ ಬೆಲೆಗಿಂತ ಹೆಚ್ಚಿನದನ್ನೇ ಪಡೆದಂತಾಗುವುದು.