ಬಗ್ಗಿಸಿದರೆ ಒಂದೇ ಚಮಚ ಬೀಳುವ ಬಾಟಲಿ: ಸಕ್ಕರೆಗೆ ಸರಿ, ಮಗುವಿನ ಓಆರ್‌ಎಸ್‌ಗೂ ಸರಿಯೇ?

ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಒಂದು ಬಗೆಯ ವಿಡಿಯೊ ನೀವೂ ನೋಡಿರಬಹುದು. ಹಳೆಯ ಬಾಟಲಿ, ಮುಚ್ಚಳಕ್ಕೊಂದು ತೂತು, ಅದರಿಂದ ಒಳಕ್ಕೆ ಇಳಿಬಿಟ್ಟ ಪೈಪಿನ ತುಂಡು. ತಲೆಕೆಳಗು ಮಾಡಿದರೆ ಒಂದು ಚಮಚದಷ್ಟು ಸಕ್ಕರೆ ಬಿದ್ದು ತಾನಾಗಿಯೇ ನಿಲ್ಲುತ್ತದೆ. ನೋಡಲು ಚೆಂದ, ಮಾಡಲು ಸುಲಭ. ತಕರಾರು ಇರುವುದು ಅದರ ಜೊತೆ ಸೇರಿಕೊಳ್ಳುವ ಸಲಹೆಯಲ್ಲಿ: 'ಸಕ್ಕರೆ, ಉಪ್ಪು ಬೆರೆಸಿ ಇದರಲ್ಲಿ ತುಂಬಿಡಿ. ಮಗುವಿಗೆ ಭೇದಿಯಾದಾಗ ಒಂದು ಸಲ ಬಗ್ಗಿಸಿ ನೀರಿಗೆ ಹಾಕಿ. ಓಆರ್‌ಎಸ್ ರೆಡಿ!'

ಬಾಟಲಿ ಸುಳ್ಳಲ್ಲ, ಸಲಹೆ ಮಾತ್ರ ಅಪಾಯಕಾರಿ. ಏಕೆ ಎಂಬುದು ತಿಳಿಯಬೇಕಾದರೆ ಬಾಟಲಿ ಹೇಗೆ ಅಳೆಯುತ್ತದೆ ಎಂದು ಮೊದಲು ನೋಡಬೇಕು.

ಬಾಟಲಿಯೊಳಗೆ ಏನಾಗುತ್ತದೆ?

ಪೈಪು ಮುಚ್ಚಳದಿಂದ ಹೊರಟು ಬಾಟಲಿಯ ತಳದ ಹತ್ತಿರದವರೆಗೆ ಹೋಗುತ್ತದೆ. ಬಾಟಲಿ ನೇರವಾಗಿ ನಿಂತಾಗ ಪೈಪಿನ ಒಳಬಾಯಿ ಸಕ್ಕರೆಯ ರಾಶಿಯೊಳಗೆ ಹೂತಿರುತ್ತದೆ. ಬಗ್ಗಿಸುವಾಗ ಆ ಬಾಯಿಗೆ ಸಿಕ್ಕಷ್ಟು ಸಕ್ಕರೆ ಮಾತ್ರ ಪೈಪಿನಲ್ಲಿ ಜಾರಿ ಹೊರಬರುತ್ತದೆ. ಉಳಿದದ್ದೆಲ್ಲ ಮುಚ್ಚಳದ ಕಡೆ, ಪೈಪಿನ ಸುತ್ತ ಬಂದು ಕೂರುತ್ತದೆ. ಈಗ ಪೈಪಿನ ಒಳಬಾಯಿ ರಾಶಿಗಿಂತ ಮೇಲಿದೆ, ಹಾಗಾಗಿ ಇನ್ನೊಂದು ಕಾಳೂ ಒಳಗೆ ಬೀಳುವುದಿಲ್ಲ. ಮತ್ತೆ ಬೇಕೆಂದರೆ ಬಾಟಲಿಯನ್ನು ನೇರ ಮಾಡಿ ಮತ್ತೆ ಬಗ್ಗಿಸಬೇಕು.

ಇದರಿಂದಲೇ ಬಾಟಲಿಯ ಮಿತಿಯೂ ಗೊತ್ತಾಗುತ್ತದೆ. ಕಂಠದವರೆಗೆ ತುಂಬಿದರೆ ತಲೆಕೆಳಗಾದಾಗಲೂ ಪೈಪಿನ ಬಾಯಿ ರಾಶಿಯೊಳಗೇ ಉಳಿದು ಸಕ್ಕರೆ ಸುರಿಯುತ್ತಲೇ ಇರುತ್ತದೆ. ತಳದಲ್ಲಿ ಸ್ವಲ್ಪವೇ ಉಳಿದಿದ್ದರೆ ಅರ್ಧ ಚಮಚವೂ ಬೀಳದು. ವಿಡಿಯೊದಲ್ಲಿ ತೋರಿಸುವ 'ಸರಿಯಾಗಿ ಒಂದು ಚಮಚ' ಈ ಎರಡರ ನಡುವಿನ ಮಾತು.

ಇನ್ನೊಂದು ಬಗೆಯ ಡಬ್ಬಿಯಲ್ಲಿ ಗುಂಡಿಗಳಿರುವ ಉರುಳೆ ಇರುತ್ತದೆ. ತಿರುಗಿಸಿದಾಗ ಒಂದೊಂದು ಗುಂಡಿ ತುಂಬಿ ಒಂದೊಂದು ಸಲ ಖಾಲಿಯಾಗುತ್ತದೆ. ಟ್ರ್ಯಾಕ್ಟರಿನ ಬಿತ್ತನೆ ಯಂತ್ರದಲ್ಲಿ ಬೀಜ ಬೀಳುವುದೂ ಹೆಚ್ಚುಕಡಿಮೆ ಹೀಗೆಯೇ. ಎತ್ತಿನ ಕೂರಿಗೆಯಲ್ಲಿ ಆ ಕೆಲಸವನ್ನು ಬೀಜ ಬಿಡುವವರ ಕೈಯೇ ಮಾಡುತ್ತಿತ್ತು.

ಕಾಳು ನೀರಲ್ಲ

ಡ್ರಮ್ಮಿನ ತಳಕ್ಕೆ ತೂತು ಮಾಡಿದರೆ ನೀರು ಮೊದಲು ಜೋರಾಗಿ ಚಿಮ್ಮುತ್ತದೆ, ಮಟ್ಟ ಇಳಿದಂತೆ ನಿಧಾನವಾಗುತ್ತದೆ. ಅದೇ ಡ್ರಮ್ಮಿನಲ್ಲಿ ರಾಗಿ ಇದ್ದರೆ ತುಂಬಿದ್ದಾಗಲೂ ಅರ್ಧವಾದಾಗಲೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುರಿಯುತ್ತದೆ. ಕಾಳುಗಳು ಒಂದಕ್ಕೊಂದು ಒರಗಿಕೊಂಡು ತಮ್ಮ ಭಾರದ ಬಹುಪಾಲನ್ನು ಡ್ರಮ್ಮಿನ ಗೋಡೆಯ ಮೇಲೆ ಹೊರಿಸುತ್ತವೆ. ರಾಶಿ ಎಷ್ಟು ಎತ್ತರವಿದ್ದರೂ ತಳದ ಒತ್ತಡ ಒಂದು ಹಂತದ ನಂತರ ಏರುವುದಿಲ್ಲ. ಧಾನ್ಯದ ಸೈಲೊಗಳಲ್ಲಿ ಹೀಗಾಗುವುದನ್ನು ಜರ್ಮನಿಯ ಎಂಜಿನಿಯರ್ ಜಾನ್ಸೆನ್ 1895ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಮರಳು ಗಡಿಯಾರ ಸಮಯ ಹೇಳಬಲ್ಲದು ಎಂದರೆ ಅದಕ್ಕೆ ಈ ಗುಣವೇ ಆಧಾರ.

ಒರಗಿಕೊಳ್ಳುವ ಈ ಗುಣವೇ ಕೈಕೊಡುವುದೂ ಉಂಟು. ತೂತು ಸಣ್ಣದಾದರೆ ಕಾಳುಗಳು ಅದರ ಮೇಲೆ ಕಮಾನು ಕಟ್ಟಿ ನಿಂತುಬಿಡುತ್ತವೆ. ಹಿಟ್ಟಿನ ಗಿರಣಿಯವರು ಮೇಲಿನ ತಗಡಿನ ಡಬ್ಬಿಗೆ ಆಗಾಗ ಕೈಯಿಂದ ಬಡಿಯುವುದು ಆ ಕಮಾನನ್ನು ಕೆಡವಲಿಕ್ಕೆ. ತೂತು ಕಾಳಿನ ಅಗಲದ ಐದಾರು ಪಟ್ಟಾದರೂ ಇದ್ದರೆ ಕಟ್ಟಿಕೊಳ್ಳುವುದು ಕಡಿಮೆ. ಹಿಟ್ಟು, ಹಾಲಿನ ಪುಡಿಗೆ ಈ ಲೆಕ್ಕ ಸಾಲದು. ಅವುಗಳ ಕಣಗಳು ಎಷ್ಟು ಸಣ್ಣವೆಂದರೆ ಭಾರಕ್ಕಿಂತ ಒಂದಕ್ಕೊಂದು ಅಂಟಿಕೊಳ್ಳುವ ಬಲವೇ ಹೆಚ್ಚು. ಒಮ್ಮೆ ಏನೂ ಬೀಳದು, ಇನ್ನೊಮ್ಮೆ ಗಡ್ಡೆಯೇ ಬೀಳುತ್ತದೆ.

ಉಪ್ಪಿಗೆ ಮಳೆಗಾಲದ ಕಾಟ ಬೇರೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಸರಿಯಾಗಿ ಅಳೆದ ಡಬ್ಬಿ ಆಷಾಢದಲ್ಲಿ ಅದೇ ಅಳತೆ ಕೊಡುವುದಿಲ್ಲ.

ಚಮಚ ಒಂದೇ, ತೂಕ ಬೇರೆ

ಡಬ್ಬಿ ಅಳೆಯುವುದು ಜಾಗವನ್ನು, ತೂಕವನ್ನಲ್ಲ. 5 ಮಿ.ಲೀ. ಚಮಚದಲ್ಲಿ ಮಟ್ಟವಾಗಿ ಸಕ್ಕರೆ ತುಂಬಿದರೆ ಸುಮಾರು 4 ಗ್ರಾಂ, ಪುಡಿಯುಪ್ಪು ತುಂಬಿದರೆ ಸುಮಾರು 6 ಗ್ರಾಂ. ಮೇಲೆ ಗೋಪುರ ಬಂದರೆ ಇನ್ನೂ ಜಾಸ್ತಿ. ಸೇರು, ಪಾವಿನಲ್ಲಿ ಅಳೆಯುವಾಗ ತಲೆ ಸವರಿ ಕೊಡುತ್ತಾರೋ, ಗೋಪುರ ಬಿಟ್ಟು ಕೊಡುತ್ತಾರೋ ಎಂದು ನಮ್ಮ ಅಜ್ಜಿಯಂದಿರು ಕಣ್ಣಿಟ್ಟು ನೋಡುತ್ತಿದ್ದುದು ಸುಮ್ಮನೆ ಅಲ್ಲ.

ಕಾಫಿಗೆ ಒಂದು ಗ್ರಾಂ ಸಕ್ಕರೆ ಹೆಚ್ಚಾದರೆ ಯಾರಿಗೂ ಏನೂ ಆಗದು. ಓಆರ್‌ಎಸ್ ವಿಷಯ ಹಾಗಲ್ಲ. ಕರುಳಿನಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ರಕ್ತಕ್ಕೆ ಸೇರುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಪ್ರಮಾಣ ತಪ್ಪಿದರೆ ಕೆಲಸ ತಿರುಗುಮುರುಗು. ಸಕ್ಕರೆ ತೀರಾ ಹೆಚ್ಚಾದರೆ ಅದು ನೀರನ್ನು ಕರುಳಿನೊಳಕ್ಕೇ ಎಳೆದು ಭೇದಿ ಜೋರಾಗುತ್ತದೆ. ಉಪ್ಪು ತೀರಾ ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ, ಸಣ್ಣ ಮಗುವಿಗೆ ಫಿಟ್ಸ್ ಬರುವ ಅಪಾಯವೂ ಇದೆ. ಪೊಟ್ಟಣ ಸಿಗದೇ ಹೋದಾಗ ಮನೆಯಲ್ಲಿ ಮಾಡಿಕೊಳ್ಳುವ ಅಳತೆ ಇದು: 1 ಲೀಟರ್ ಶುದ್ಧ ನೀರಿಗೆ ಮಟ್ಟವಾದ 6 ಟೀ ಚಮಚ ಸಕ್ಕರೆ, ಮಟ್ಟವಾದ ಅರ್ಧ ಟೀ ಚಮಚ ಉಪ್ಪು. ಅರ್ಧ ಚಮಚದ ಬದಲು ಗೋಪುರ ಬಂದ ಒಂದು ಚಮಚ ಉಪ್ಪು ಬಿದ್ದರೆ ಅದು ಸುಮಾರು ಮೂರು ಪಟ್ಟು.

ಬೆರೆಸಿಟ್ಟರೆ ಏಕೆ ಆಗದು?

'ನಾವು ಅಳೆದೇ ಬೆರೆಸಿ ತುಂಬಿದರೆ?' ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಅಡುಗೆಮನೆಯ ಅವಲಕ್ಕಿ ಚೂಡಾ ಡಬ್ಬಿಯಲ್ಲಿದೆ. ಎಷ್ಟೇ ಚೆನ್ನಾಗಿ ಕಲಸಿಟ್ಟರೂ ನಾಲ್ಕು ದಿನದಲ್ಲಿ ಶೇಂಗಾ ಮೇಲೆ, ಖಾರದ ಪುಡಿ, ಉಪ್ಪು ತಳದಲ್ಲಿ. ಡಬ್ಬಿ ಅಲುಗಿದಾಗಲೆಲ್ಲ ದೊಡ್ಡ ಕಾಳುಗಳ ಸಂದಿಯಲ್ಲಿ ಸಣ್ಣ ಕಣಗಳು ಜಾರಿ ಕೆಳಗಿಳಿಯುತ್ತವೆ. ಅಲುಗಿಸಿದರೆ ಬೆರೆಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ, ಅಳತೆ ಬೇರೆಬೇರೆಯಾಗಿರುವ ಕಾಳುಗಳ ವಿಷಯದಲ್ಲಿ ಆಗುವುದು ಉಲ್ಟಾ.

ನಮ್ಮ ಅಂಗಡಿಗಳ ಸಕ್ಕರೆ ದಪ್ಪ ಹರಳು, ಪುಡಿಯುಪ್ಪು ಸಣ್ಣ ಹರಳು. ಬಾಟಲಿಯನ್ನು ದಿನವೂ ಎತ್ತಿ ಇಳಿಸಿದರೆ ಉಪ್ಪು ತಳ ಸೇರುತ್ತದೆ. ಪೈಪಿನ ಬಾಯಿ ಇರುವುದೂ ಅಲ್ಲೇ! ಮೊದಮೊದಲು ಬೀಳುವ ಚಮಚದಲ್ಲಿ ಉಪ್ಪು ವಿಪರೀತ, ಕೊನೆಕೊನೆಗೆ ಬರೀ ಸಕ್ಕರೆ ಎಂದಾಗಬಹುದು. ಹೊರಗೆ ಬಿದ್ದ ಪ್ರಮಾಣ ಪ್ರತಿ ಸಲ ಒಂದೇ ಇರುವುದರಿಂದ ನೋಡುವವರಿಗೆ ಅನುಮಾನವೂ ಬಾರದು. ವಿಡಿಯೊದ ಸಲಹೆ ಎಡವಿರುವುದು ಇಲ್ಲಿ.

ಇದೇ ಕಾರಣಕ್ಕೆ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನೂ ಚಮಚ ಚಮಚವಾಗಿ ಬಳಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 1 ಲೀಟರ್ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ಒಟ್ಟು 20.5 ಗ್ರಾಂ ಇರುತ್ತದೆ. ಅರ್ಧ ಪೊಟ್ಟಣದಲ್ಲಿ ಎಲ್ಲವೂ ಅರ್ಧರ್ಧ ಇರುತ್ತದೆ ಎಂಬ ಖಾತರಿ ಇಲ್ಲ. ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಆದ್ದರಿಂದ ಎಷ್ಟು ನೀರಿಗೆ ಎಂದು ಅದರ ಮೇಲೆಯೇ ಓದಿ, ಪೂರ್ತಿ ಪುಡಿಯನ್ನು ಒಮ್ಮೆಗೇ ಕರಗಿಸಿ, 24 ಗಂಟೆಯೊಳಗೆ ಬಳಸಿ. ಉಳಿದದ್ದು ಚೆಲ್ಲಿ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಮಾಡಿದ್ದೂ ಇದನ್ನೇ. ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಮುಚ್ಚಿ ಕಳಿಸಿ, ಶಿಬಿರದಲ್ಲಿ ನೀರಿಗೆ ಬೆರೆಸಿ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಬ್ರಿಟನ್ನಿನ ಟಾಲ್ಕ್ ಸಂಸ್ಥೆ ಹಳ್ಳಿಗಳಿಗಾಗಿ ತಂದದ್ದು ಎರಡು ತುದಿಯ ಪ್ಲಾಸ್ಟಿಕ್ ಚಮಚ: ಸಣ್ಣ ಗುಳಿ ಉಪ್ಪಿಗೆ, ದೊಡ್ಡದು ಸಕ್ಕರೆಗೆ. ಎರಡನ್ನೂ ಬೇರೆಬೇರೆಯಾಗಿ, ಮಟ್ಟವಾಗಿ ಅಳೆದು ನೀರಿನಲ್ಲೇ ಬೆರೆಸಬೇಕು. ನಮಗಂತೂ ಈ ಚಮಚ ವೈರಲ್ ಬಾಟಲಿಗಿಂತ ಜಾಣ ಅನ್ನಿಸುತ್ತದೆ.

ಹಾಗಾದರೆ ಬಾಟಲಿ?

ಸಕ್ಕರೆಗೆ ಧಾರಾಳವಾಗಿ ಮಾಡಿಕೊಳ್ಳಿ. ಹತ್ತು ಸಲ ಬಗ್ಗಿಸಿ ಬಿದ್ದದ್ದನ್ನು ಅಡುಗೆ ತಕ್ಕಡಿಯಲ್ಲಿ ತೂಗಿ ಹತ್ತರಿಂದ ಭಾಗಿಸಿ, ಒಂದು ಸಲದ ಅಳತೆ ಸಿಗುತ್ತದೆ. ಬಾಟಲಿ ಮುಕ್ಕಾಲು ಇದ್ದಾಗ, ಅರ್ಧ ಇದ್ದಾಗ, ತಳಕ್ಕೆ ಬಂದಾಗ ಬೇರೆಬೇರೆಯಾಗಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮಗುವಿನ ಡಬ್ಬಿ ಹಾಲಿನ ಪುಡಿಗೆ ಮಾತ್ರ ಬೇಡ. ಆ ಡಬ್ಬಿಯೊಳಗಿನ ಚಮಚ ಆ ಪುಡಿಗೆಂದೇ ಮಾಡಿದ್ದು, ಬೇರೆ ಬ್ರಾಂಡಿನ ಚಮಚವೂ ಅದಕ್ಕೆ ಹೊಂದುವುದಿಲ್ಲ. ಭೇದಿಯಾದ ಮಗು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮೂತ್ರ ಮಾಡದಿದ್ದರೆ, ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಅಳೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲಿ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿರಿ.